ಹಾಲು ಹಿಡಿದು ಆಡಿದ ಮಾತು

ಫೆಬ್ರವರಿ ಹನ್ನೊಂದು, 1987, ಬುಧವಾರ. ಬೆಳಿಗ್ಗೆ ಒಂಬತ್ತೂವರೆಗೆ ಧಾರಾವಾಹಿಯ ನಿರ್ದೇಶಕ ಜಯತೀರ್ಥ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಅವನ ಹಿಂದೆಯೇ ಇಬ್ಬರು ರಾಜಭಟರು ಬಂದರು. ಒಬ್ಬನ ಸೊಂಟದಲ್ಲಿ ಮರದ ಕತ್ತಿ, ಇನ್ನೊಬ್ಬನ ಕೈಯಲ್ಲಿ ಅರ್ಧ ತಿಂದ ಇಡ್ಲಿಯ ಪೊಟ್ಟಣ. ಪಹರೆಯ ಪೇದೆ ಸೆಲ್ಯೂಟ್ ಹೊಡೆಯಲು ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಕಿವಿ ತುರಿಸಿಕೊಂಡ.

ಸಬ್ ಇನ್‌ಸ್ಪೆಕ್ಟರ್ ವೃಷಭೇಂದ್ರಪ್ಪ ಕುರ್ಚಿ ತೋರಿಸಿದ.

"ಏನು ಹೋಯ್ತು?"

"ಒಂದು ಟೇಪು ಸರ್."

"ಬರೀ ಒಂದಾ?"

"ಹನ್ನೊಂದಿದ್ದವು. ಏಳನೇದು ಇಲ್ಲ. ಕ್ಯಾಮೆರಾ ಅಲ್ಲೇ ಇದೆ, ಟೀವಿ ಅಲ್ಲೇ ಇದೆ. ನನ್ನ ವಾಚು ಮೇಜಿನ ಮೇಲೇ ಇತ್ತು, ಅದನ್ನೂ ಮುಟ್ಟಿಲ್ಲ."

"ಆ ಟೇಪಿನಲ್ಲೇನಿತ್ತು?"

"ಆಣೆ ಇಡೋ ದೃಶ್ಯ. ನೀವೇ ಹೇಳಿಕೊಟ್ಟಿದ್ರಲ್ಲ."

ವೃಷಭೇಂದ್ರಪ್ಪನ ಪೆನ್ನು ಕಾಗದದ ಮೇಲೆ ನಿಂತಿತು. ನಿಂತಲ್ಲಿ ಶಾಯಿ ಒಂದು ಚುಕ್ಕೆಯಾಗಿ ಹರಡಿತು. ದಫೇದಾರ್ ಸಂಜೀವಯ್ಯ ಅದನ್ನು ನೋಡಿದ. ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು: ವಾಸದ ಕಟ್ಟಡದಲ್ಲಿ ಕಳವು, ಐಪಿಸಿ ಕಲಂ 380, ಆರೋಪಿ ಅಪರಿಚಿತ.

ಮೂರು ವಾರದಿಂದ ಮಧುಗಿರಿಯ ಬೆಟ್ಟದ ಮೇಲೆ ಟೀವಿಗೆಂದು 'ರಾಜಪಹರೆ' ಎಂಬ ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ಮುದಿ ದೊರೆ, ಅವನ ಎಳೆಯ ರಾಣಿ, ವಿಷ ಬೆರೆಸುವ ಮಂತ್ರಿ, ಇವರ ನಡುವೆ ಕತ್ತಿ ಝಳಪಿಸಿಕೊಂಡು ಗೋಡೆಯಿಂದ ಗೋಡೆಗೆ ನೆಗೆಯುವ ನಾಲ್ವರು ಕಾವಲು ಭಟರು. ನಾಲ್ಕನೆಯ ಭಟ ಮಾತ್ರ ದ್ರೋಹಿ. ದೊರೆಯ ಪ್ರಾಣ ಕಾಯುತ್ತೇನೆಂದು ಆಣೆ ಇಟ್ಟು, ಮರುದಿನವೇ ಕೋಟೆಯ ದಿಡ್ಡಿ ಬಾಗಿಲನ್ನು ಮಂತ್ರಿಯ ಜನಕ್ಕೆ ತೆರೆಯುವವನು. ಆ ಪಾತ್ರಕ್ಕೆ ಕೊಡಿಗೇನಹಳ್ಳಿ ದಾರಿಯ ಕರೇಕಲ್ಲು ಹಟ್ಟಿಯ ಕುರಿಗಾಹಿ ಕ್ಯಾತಪ್ಪನನ್ನು ಹಿಡಿದು ತಂದಿದ್ದರು. ಅವನು ಬರಿಗಾಲಲ್ಲಿ ಬಂಡೆ ಹತ್ತುವುದನ್ನು ಕಂಡು ಜಯತೀರ್ಥನಿಗೆ ಹುಚ್ಚು ಹಿಡಿದಿತ್ತು.

ಜನಜಂಗುಳಿ ನಿಯಂತ್ರಿಸುವ ನೆಪದಲ್ಲಿ ವೃಷಭೇಂದ್ರಪ್ಪ ದಿನಾ ಬೆಟ್ಟಕ್ಕೆ ಹೋಗುತ್ತಿದ್ದ. ಅವನಿಗೂ ಒಂದು ಕುರ್ಚಿ ಹಾಕುತ್ತಿದ್ದರು. ಒಂದು ಸಂಜೆ ಕಾಫಿ ಕುಡಿಯುತ್ತಾ ಜಯತೀರ್ಥ ಕೇಳಿದ್ದ: "ಕತ್ತಿ ಮುಟ್ಟಿ, ದೀಪ ಮುಟ್ಟಿ ಆಣೆ ಇಡೋದು ನೋಡಿ ನೋಡಿ ಸಾಕಾಗಿದೆ ಸರ್. ಇಲ್ಲಿ ಜನ ಹೆಂಗೆ ಆಣೆ ಇಡ್ತಾರೆ?" ವೃಷಭೇಂದ್ರಪ್ಪ ಹೇಳಿದ. ಕುರಿ ಕಳವಿನ ಕೇಸೊಂದರಲ್ಲಿ ಅವನು ಆ ಹಟ್ಟಿಯ ಆಣೆಯನ್ನು ಕಣ್ಣಾರೆ ಕಂಡಿದ್ದ. ಬೊಗಸೆಯಲ್ಲಿ ಹಸಿ ಹಾಲು ಹಿಡಿದು, ಹಟ್ಟಿ ದೇವರ ಹೆಸರೆತ್ತಿ, ಹಾಲನ್ನು ನೆಲಕ್ಕೆ ಬಿಡಬೇಕು. ಸುಳ್ಳಾಡಿದವನ ಮನೆಯಲ್ಲಿ ಹಾಲು ಕುಡಿಯುವ ಕೂಸು ಉಳಿಯುವುದಿಲ್ಲ. ಹಾಲಿನ ಚೆಂಬು ಕಂಡೊಡನೆಯೇ ಕಳ್ಳ ಗಡಗಡ ನಡುಗಿ ತಪ್ಪೊಪ್ಪಿಕೊಂಡಿದ್ದ. ಲಾಠಿಗಿಂತ ಚೆಂಬು ವಾಸಿ ಎಂದು ಅಂದಿನಿಂದ ವೃಷಭೇಂದ್ರಪ್ಪ ಮೇಲಧಿಕಾರಿಗಳ ಮುಂದೆಯೂ ಹೇಳಿಕೊಂಡು ನಕ್ಕಿದ್ದುಂಟು.

ಕಳೆದ ಶುಕ್ರವಾರ ಆ ದೃಶ್ಯ ತೆಗೆದರು. ಬರೆದುಕೊಟ್ಟ ಮಾತಿನಲ್ಲಿ ಯಾವುದೋ ಕಲ್ಪಿತ ದೇವಿಯ ಹೆಸರಿತ್ತು. ಹಾಲು ಬೊಗಸೆಗೆ ಬಿದ್ದದ್ದೇ ಕ್ಯಾತಪ್ಪ ಅದನ್ನೆಲ್ಲ ಮರೆತ. ಹಾಲು ಹಿಡಿದು ಬೇರೆ ಮಾತಾಡುವುದು ಅವನ ನಾಲಿಗೆಗೆ ಗೊತ್ತಿರಲಿಲ್ಲ. ತನ್ನ ಹಟ್ಟಿಯ ದೇವರನ್ನೇ ಕರೆದ, ಕುರಿಯ ಮೇಲೆ ಆಣೆ ಎಂದ, ತಪ್ಪಿದರೆ ನನ್ನ ಹೆಂಡತಿಯ ಬಸಿರಿನ ದೀಪ ಆರಿಹೋಗಲಿ ಎಂದ. ಹೇಳುವಾಗ ಅವನ ಗಲ್ಲ ಅದುರುತ್ತಿತ್ತು. ಜಯತೀರ್ಥ ಕುಣಿದಾಡಿಬಿಟ್ಟ. ಕುರ್ಚಿಯಲ್ಲಿದ್ದ ವೃಷಭೇಂದ್ರಪ್ಪ ಎಲ್ಲರಿಗಿಂತ ಮುಂಚೆ ಚಪ್ಪಾಳೆ ಹೊಡೆದ.

ಹನ್ನೊಂದು ಗಂಟೆಗೆ ಪ್ರವಾಸಿ ಬಂಗಲೆಯಲ್ಲಿ ಪಂಚನಾಮೆ ನಡೆಯಿತು. ಟೇಪುಗಳಿದ್ದ ಕೋಣೆಯ ಬೀಗ ಒಡೆದಿರಲಿಲ್ಲ. ಬೆಳಿಗ್ಗೆ ಏಳರಿಂದ ಎಂಟರವರೆಗೆ ತಂಡದವರೆಲ್ಲ ಹಿತ್ತಲಲ್ಲಿ ತಿಂಡಿಗೆ ಕೂತಾಗ ಬಾಗಿಲು ತೆರೆದೇ ಇತ್ತು. ಕಪಾಟಿನ ಕೆಳಗೆ, ಕೆಂಪು ನೆಲದ ಮೇಲೆ, ಪಾತ್ರೆಯ ಬುಡ ಕೂತೆದ್ದಷ್ಟಗಲದ, ಬಳೆಯಂಥ ಒಂದು ಬಿಳಿ ಕಲೆ. ಇರುವೆ ಮುತ್ತಿದ್ದವು.

ಸಂಜೀವಯ್ಯ ಬಗ್ಗಿ ಮೂಸಿದ. "ಹಾಲು ಸಾ."

"ಹೊತ್ತಿಗೊಂದು ಸಲ ಕಾಫಿ ಕುಡಿಯೋ ಜನ. ಬಿಳಿ ಕಲೆ ಅಂತ ಬರಿ."

"ಕಾಫಿ ಅಡುಗೆಮನೇಲಿ ಮಾಡ್ತಾರೆ ಸಾ."

"ಬರಿ ಅಂದ್ನಲ್ಲ."

ಸಂಜೀವಯ್ಯ ಬರೆದ.

ಹನ್ನೊಂದು ಡಬ್ಬಿಗಳೂ ಒಂದೇ ಥರ ಇದ್ದವು, ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿ. ಏಳನೆಯದಕ್ಕೆ ಮಾತ್ರ ಟೇಪಿನ ಯಂತ್ರ ನೋಡಿಕೊಳ್ಳುವ ಹುಡುಗ ಗುರುತಿಗೆಂದು ಕೆಂಪು ಪಟ್ಟಿ ಅಂಟಿಸಿದ್ದ. ಅಂಟಿಸಿದ್ದು ಶನಿವಾರ ಸಂಜೆ, ಆ ದೃಶ್ಯವನ್ನು ವರಾಂಡದಲ್ಲಿ ಎಲ್ಲರಿಗೂ ಹಾಕಿ ತೋರಿಸುವ ಮುಂಚೆ. ಅಂದರೆ ಕಳ್ಳ ಆ ಸಂಜೆ ಅಲ್ಲಿದ್ದು ಆ ಗುರುತು ಕಂಡವನು. ಆ ಸಂಜೆ ಮುಂದಿನ ಸಾಲಿನಲ್ಲಿ ವೃಷಭೇಂದ್ರಪ್ಪ ಕೂತಿದ್ದ. ಪಕ್ಕದ ಕಂಬಕ್ಕೆ ಒರಗಿ ಯಾರು ನಿಂತಿದ್ದರು, ಅವರ ಕಂಕುಳಲ್ಲಿ ಏನಿತ್ತು, ಎಲ್ಲವೂ ಅವನಿಗೆ ನೆನಪಿತ್ತು.

"ನಿಮಗೆ ಯಾರ ಮೇಲಾದ್ರೂ ಅನುಮಾನ?" ಎಂದು ಜಯತೀರ್ಥನನ್ನು ಕೇಳಿದ.

"ಸಿರಾದ ದೊಡ್ಡರಂಗಪ್ಪ. ಕಂಪನಿ ನಾಟಕದವನು. ಸೇನಾಪತಿ ಪಾತ್ರ ಕೊಟ್ಟು ಎರಡನೇ ದಿನ ಕಿತ್ತು ಹಾಕಿದ್ವಿ. 'ನಿನ್ನ ಟೀವಿ ಸುಟ್ಟು ಬೂದಿ ಮಾಡ್ತೀನಿ' ಅಂತ ಹೇಳಿ ಹೋಗಿದ್ದಾನೆ. ಶನಿವಾರ ನೋಡೋಕೂ ಬಂದಿದ್ದ."

ವೃಷಭೇಂದ್ರಪ್ಪನಿಗೆ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. "ಜೀಪು ತೆಗಿ," ಎಂದ.

ದೊಡ್ಡರಂಗಪ್ಪ ಸಿರಾದ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದವನು ಪೊಲೀಸರನ್ನು ಕಂಡು ಎದ್ದು, ಒದ್ದೆ ಕೈಯನ್ನೇ ಎದೆಗಿಟ್ಟು ತಲೆಬಾಗಿದ.

"ಟೀವಿ ಸುಡ್ತೀನಿ ಅಂದಿದ್ದು ನಿಜವಾ?"

"ನಿಜ ಸ್ವಾಮಿ."

"ಯಾಕೆ?"

"ಕತ್ತಿ ಎತ್ತೋ ಮುಂಚೆ ಎರಡು ಸಾಲು ಹಾಡ್ತೀನಿ ಅಂದೆ. ಬೇಡ ಅಂದ್ರು. ಹಾಡದೇ ಕತ್ತಿ ಎತ್ತೋನು ಸೇನಾಪತಿನಾ ಸ್ವಾಮಿ? ಕಟುಕ. ಅಲ್ವೇನೋ ಬಾಬು?"

ಪಕ್ಕದಂಗಡಿಯ ಬಾಬು, "ಬಿಲ್ಕುಲ್ ಮಾಸ್ಟ್ರೇ," ಎಂದ.

"ಬೆಳಿಗ್ಗೆ ಏಳು ಗಂಟೇಲಿ ಎಲ್ಲಿದ್ದೆ?"

"ಪಾವಗಡದ ಕಡೆ, ಬಲಸಮುದ್ರದಲ್ಲಿ. ಊರಿನೋರು ನಾಟಕ ಕಲೀತಾವ್ರೆ, ನಾನೇ ಮೇಷ್ಟ್ರು. ರಾತ್ರಿ ಅಲ್ಲೇ ಮಲಗಿದ್ದು, ಇವತ್ತು ಮಧ್ಯಾಹ್ನದ ಬಸ್ಸಿಗೆ ಬಂದೆ. ಬೇಕಾದ್ರೆ ಕೇಳಿ. ಅವರ ಸಾಮಾನು ಯಾವುದನ್ನೂ ನಾನು ಮುಟ್ಟಿಲ್ಲ. ಸುಡ್ತೀನಿ ಅಂದಿದ್ದು ಡೈಲಾಗು ಸ್ವಾಮಿ, ಹೊಟ್ಟೆ ಉರಿಗೆ ಬಂದ ಡೈಲಾಗು."

ಅವನು ಸುಳ್ಳು ಹೇಳುತ್ತಿಲ್ಲವೆಂದು ವೃಷಭೇಂದ್ರಪ್ಪನಿಗೂ ಸಂಜೀವಯ್ಯನಿಗೂ ಅಲ್ಲೇ ಗೊತ್ತಾಯಿತು. ಆದರೂ ಗುರುವಾರ ವೃಷಭೇಂದ್ರಪ್ಪ ಜೀಪಿಗೆ ಡೀಸೆಲ್ ಹಾಕಿಸಿ ಬಲಸಮುದ್ರಕ್ಕೆ ಹೊರಟ. ಅಲ್ಲಿ ಅರಳಿಕಟ್ಟೆಯ ಮೇಲೆ ಭೀಮನ ಮೀಸೆ ಅಂಟಿಸಿಕೊಂಡು ಕೂತಿದ್ದ ಒಬ್ಬ ರೈತ, "ರಾತ್ರಂತಾ ಇಕ್ಕಡೇ ಉನ್ನಾಡು ಸಾರ್, ಇಲ್ಲೇ ಇದ್ದ. ನಮ್ಮನ್ನ ಮಲಗಕ್ಕೂ ಬಿಡಲಿಲ್ಲ, ಬೆಳಗಾನ ಗದೆ ತಿರುಗ್ಸು ಅಂತ ಪ್ರಾಣ ತಿಂದ," ಎಂದು ಹೇಳಿಕೆ ಕೊಟ್ಟ. ಹೇಳಿಕೆ ಬರೆದುಕೊಂಡಾಯಿತು, ಹೆಬ್ಬೆಟ್ಟು ಒತ್ತಿಸಿಕೊಂಡಾಯಿತು. ಇನ್ನು ಹೋಗಲು ಊರಿರಲಿಲ್ಲ.

ಬಂಡೆಗಳ ನಡುವಿನ ದಾರಿಯಲ್ಲಿ ವಾಪಸು ಬರುವಾಗ ಸಂಜೀವಯ್ಯ ಕಿಟಕಿಯಾಚೆ ನೋಡುತ್ತಾ ಹೇಳಿದ: "ಬಂಗಲೆಗೆ ಹಾಲು ಹಾಕೋದು ಕ್ಯಾತಪ್ಪನ ತಾಯಿ ಗಿರಿಯಮ್ಮ ಸಾ. ದಿನಾ ಏಳಕ್ಕೆ ಬತ್ತಾಳೆ. ಶನಿವಾರ ಸಂಜೆ ಹಾಲಿನ ಕ್ಯಾನು ಕಂಕುಳಾಗಿಟ್ಕಂಡು ಕಂಬದ ಹತ್ರ ನಿಂತಿದ್ಲು."

"ಗೊತ್ತು."

"ಸೋಮವಾರ ಠಾಣೆ ಗೇಟಿಗೂ ಬಂದಿದ್ಲು, ಕೈಯಾಗೆ ಚೆಂಬು. ನೀವು ಶೂಟಿಂಗಿಗೆ ಹೊರಟಿದ್ರಿ. ನಾಳೆ ಬರಕ್ಕೇಳು ಅಂದ್ರಿ."

"ಗೊತ್ತು ಕಣಯ್ಯ."

"ನಿಮ್ಗೆ ಗೊತ್ತಿಲ್ವೇನೋ ಅಂತ ಹೇಳ್ದೆ ಸಾ."

ಸೋಮವಾರ ತಾನು ಕೈಗಡಿಯಾರ ನೋಡಿಕೊಂಡೇ ಆಕೆಯನ್ನು ದಾಟಿ ಹೋಗಿದ್ದು, ಆಕೆ ಜೀಪಿನ ಧೂಳಿಗೆ ಚೆಂಬಿನ ಬಾಯಿಯನ್ನು ಸೆರಗಿನಿಂದ ಮುಚ್ಚಿದ್ದು, ಎರಡೂ ವೃಷಭೇಂದ್ರಪ್ಪನ ಕಣ್ಣ ಮುಂದೆ ಬಂದು ಬಂದು ಹೋದವು. ಎರಡು ದಿನ ಎರಡು ತಾಲೂಕು ಸುತ್ತಿದ್ದು ಕಳ್ಳನನ್ನು ಹುಡುಕಲಿಕ್ಕಲ್ಲ, ಹುಡುಕದಿರಲಿಕ್ಕೆ.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅವರು ಕರೇಕಲ್ಲು ಹಟ್ಟಿಗೆ ಹೋದರು. ಮುಳ್ಳುಬೇಲಿಯೊಳಗೆ ಹತ್ತಿಪ್ಪತ್ತು ಗುಡಿಸಲು, ನಡುವೆ ಕುರಿರೊಪ್ಪ. ಜೀಪಿನ ಸದ್ದಿಗೆ ನಾಯಿ ಬೊಗಳಿತೇ ಹೊರತು ಯಾರೂ ಓಡಲಿಲ್ಲ. ಹೊಂಗೆಯ ನೆರಳಲ್ಲಿ ಗಿರಿಯಮ್ಮ ಕಾಲು ಚಾಚಿ ಕೂತು ಉಣ್ಣೆ ನೂಲುವ ಕದಿರು ತಿರುಗಿಸುತ್ತಿದ್ದಳು. ಕದಿರಿಗೆ ಸುತ್ತಿಕೊಳ್ಳುತ್ತಿದ್ದದ್ದು ಉಣ್ಣೆಯಲ್ಲ. ಕಂದು ಬಣ್ಣದ, ತೆಳ್ಳಗಿನ, ಬಿಸಿಲು ಬಿದ್ದಾಗ ಹಾವಿನ ಹಾಗೆ ಮಿರುಗುವ ಪಟ್ಟಿ. ಪಕ್ಕದಲ್ಲಿ ಕಲ್ಲಿನಿಂದ ಜಜ್ಜಿ ಒಡೆದ ಡಬ್ಬಿ, ಅದರ ಮೇಲೆ ಕೆಂಪು ಗುರುತು.

ಗುಡಿಸಲಿನ ಬಾಗಿಲಲ್ಲಿ ಕ್ಯಾತಪ್ಪನ ಹೆಂಡತಿ ಪುಟ್ಟಕ್ಕ, ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಕ್ಯಾತಪ್ಪ ಬೇಲಿಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಟೀವಿಗೆಂದು ಬಿಟ್ಟ ಮೀಸೆ ಇನ್ನೂ ಹಾಗೇ ಇತ್ತು.

"ಟೇಪು ನೀನೇ ತಗೊಂಡಿದ್ದಾ?" ವೃಷಭೇಂದ್ರಪ್ಪ ಕೇಳಿದ.

"ಹೂಂ ಸಾಮಿ."

"ಹೆಂಗೆ?"

"ಹಾಲಿನ ಕ್ಯಾನು ಕೆಳಗಿಟ್ಟೆ. ಕೆಂಪಂದು ಇದೇ ಅಂತ ಗೊತ್ತಿತ್ತು. ಕ್ಯಾನೊಳಕ್ಕೆ ಹಾಕ್ಕಂಡ್ ಬಂದೆ."

"ಕಳ್ಳತನ ಅಂತ ಗೊತ್ತಾಗ್ಲಿಲ್ವಾ?"

"ಅದ್ರಾಗಿರೋದು ನನ್ ಮಗನ ಮಾತು. ಪೆಟ್ಗೆ ಅವರ್ದು, ಒಪ್ಕಂತೀನಿ. ಅಕಾ, ಅಲ್ಲೈತೆ. ತಗಂಡೋಗಿ."

"ಈಗ ಏನು ಮಾಡ್ತಿದೀಯ?"

"ಹಿಂದಕ್ಕೆ ಸುತ್ತುತಾ ಇವ್ನಿ."

ಸಂಜೀವಯ್ಯ, "ಯಾತಕ್ಕಮ್ಮ?" ಎಂದ.

ಗಿರಿಯಮ್ಮ ಕದಿರು ನಿಲ್ಲಿಸಲಿಲ್ಲ. "ಅವತ್ ಸಂಜೆ ನೀವೂ ಇದ್ರಲ್ಲ ಸಾಮಿ, ಮುಂದ್ಗಡೆ ಕುರ್ಚಿಯಾಗೆ. ನನ್ ಮಗ ಆಣೆ ಇಟ್ಟ. ಇಟ್ಟಾದ್ಮ್ಯಾಕೆ ಆ ಮಿಸನ್ ಹುಡ್ಗ ಏನೋ ಒತ್ತಿದ. ನೆಲದ ಮ್ಯಾಲಿದ್ದ ಹಾಲು ಎದ್ದು ಬೊಗ್ಸೆಗೆ ಬಂತು. ಬೊಗ್ಸೆಯಿಂದ ಚೆಂಬಿಗೋಯ್ತು. ಮಾತು ತಿರುಗಾ ಬಾಯೊಳಕ್ಕೋಯ್ತು. ಎಲ್ರೂ ನಕ್ರಿ. ನಂಗೆ ಮೈ ಜುಮ್ಮಂತು. ಇಟ್ಟ ಆಣೆ ಹಿಂದಕ್ಕೆ ಬತ್ತದಲ್ಲಪ್ಪ ಅಂದ್ಕಂಡೆ. ಅಷ್ಟ್ರಾಗೆ ಆ ಪಾಪಿ ಮುಂಡೇದು ಮತ್ತೆ ಮುಂದಕ್ಕೆ ಬುಟ್ಟ."

ವೃಷಭೇಂದ್ರಪ್ಪನಿಗೆ ಆ ನಗು ನೆನಪಾಯಿತು. ದೃಶ್ಯ ಹಿಂದುಮುಂದಾಗಿ ಓಡಿದಾಗ ತಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಇನ್ನೊಮ್ಮೆ ಹಾಕು ಎಂದವನೂ ತಾನೇ.

"ಅದು ನಾಟಕ ಕಣಮ್ಮ," ಎಂದ. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು.

"ನಾಟ್ಕದೋರ ದೇವ್ರ ಹೆಸ್ರು ಹೇಳಿದ್ರೆ ನಾಟ್ಕ. ಇವ್ನು ನಮ್ ದೇವ್ರ್ನೇ ಕರ್ದ್‌ಬುಟ್ಟ. ಹಾಲು ದಿಟ್ವಾದ ಹಾಲು, ನಾನೇ ಕರ್ದಿದ್ದು. ಇದೇ ಬಾಯಾಗೆ ಆಣೆ ಇಟ್ಟು, ಭಾನ್ವಾರ ಹೋಗಿ ದಿಡ್ಡಿ ಬಾಗ್ಲು ತೆಗ್ದ. ಅವತ್ತೇ ಮೂರು ಕುರಿ ಸತ್ವು."

"ಕೂಳೆ ಜೋಳ ಮೇಯ್ದು ವಿಸ ಏರಿ ಸತ್ವು ಸಾ," ಎಂದ ಕ್ಯಾತಪ್ಪ, ನೆಲ ನೋಡುತ್ತಾ. "ನಾನು ಬೆಟ್ಟದ್ ಮ್ಯಾಲಿದ್ದೆ, ಕಾಯೋರಿರ್ಲಿಲ್ಲ. ಡಾಕ್ಟ್ರೂ ಅಂಗೇ ಅಂದ್ರು. ಅವ್ವ ಕೇಳಕಿಲ್ಲ."

"ಕುರಿ ಯಾತರಿಂದಾನ ಸಾಯ್ಲಿ ಬುಡ್ಲಾ," ಎಂದಳು ಗಿರಿಯಮ್ಮ. "ನೀನು ಕುರಿ ಒಂದರ ಮ್ಯಾಲೇ ಆಣೆ ಇಟ್ಟಿದ್ಯೇನ್ಲಾ?"

ಯಾರೂ ಪುಟ್ಟಕ್ಕನ ಕಡೆ ನೋಡಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನೇ ನೋಡಿದಂತಾಯಿತು.

ವೃಷಭೇಂದ್ರಪ್ಪ ಟೋಪಿ ತೆಗೆದು ಕಲ್ಲಿನ ಮೇಲೆ ಕೂತ. "ಇನ್ನೆಷ್ಟಿದೆ?"

"ಒಂದೀಟು ಐತೆ ಸಾಮಿ. ಸುತ್ತಿಬುಡ್ತೀನಿ. ಆಮ್ಯಾಕೆ ಎಲ್ಲಿಗ್ ಕರುದ್ರೂ ಬತ್ತೀನಿ."

ಸಂಜೀವಯ್ಯ ಅವನ ಕಿವಿಯ ಹತ್ತಿರ ಬಗ್ಗಿದ. "ಸಾ, ಅದು ಮುದ್ದೆಮಾಲು, ಕೋರ್ಟಿಗೆ ಕೊಡ್ಬೇಕು. ಹಿಂಗೇ ಸುತ್ತಿದ್ರೆ ಕೆಟ್ಟೋಯ್ತದೆ."

"ಆಗಲೇ ಕೆಟ್ಟಿದೆ."

"ಪೂರ್ತಿ ಕೆಟ್ಟಿಲ್ಲ ಸಾ."

"ಮಹಜರಿಗೆ ಪಂಚರು ಬೇಕಲ್ಲ. ಹೋಗಿ ಇಬ್ಬರನ್ನ ಕರ್ಕೊಂಡು ಬಾ. ಬಿಸಿಲಿದೆ, ನಿಧಾನವಾಗಿ ಬಾ."

ಸಂಜೀವಯ್ಯ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಪಕ್ಕದ ಗುಡಿಸಲಲ್ಲೇ ಇದ್ದ ಪಂಚರನ್ನು ಕರೆತರಲು ಹಟ್ಟಿಯ ಆಚೆಗೆ ಸುತ್ತು ಹಾಕಿಕೊಂಡು ಹೋದ.

ಕದಿರು ತಿರುಗಿತು. ಟೇಪಿನ ಕಂದು ಪಟ್ಟಿ ಗಿರಿಯಮ್ಮನ ಬೆರಳುಗಳ ನಡುವೆ ಸರಸರ ಜಾರಿತು. ಅದರೊಳಗೆಲ್ಲೋ ಕುರ್ಚಿಯ ಮೇಲೆ ಕೂತು ಮೊದಲು ಚಪ್ಪಾಳೆ ಹೊಡೆದವನ ಸದ್ದೂ ಇರಬೇಕು ಎಂದುಕೊಂಡ ವೃಷಭೇಂದ್ರಪ್ಪ. ಕೊನೆಯ ತುದಿ ಸುತ್ತಿ, ಅದು ಬಿಚ್ಚಿಕೊಳ್ಳದಂತೆ ಉಣ್ಣೆಯ ಎಳೆಯಿಂದ ಬಿಗಿದು, ಗಿರಿಯಮ್ಮ ಕದಿರನ್ನು ಅವನ ಕೈಗೆ ಕೊಟ್ಟಳು.

ಮಹಜರು ಬರೆದು, ಮಧ್ಯಾಹ್ನ ಎರಡಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವಾಗ ಪುಟ್ಟಕ್ಕ ಬಾಗಿಲು ಹಿಡಿದು ಎದ್ದು ನಿಂತಳು. "ಅತ್ತೆನ ಕರ್ಕಂಡೋದ್ರೆ ನಂಗ್ಯಾರು ಸಾ?"

"ಸೂಲಗಿತ್ತಿ ಪಾಪಕ್ಕ ಅವ್ಳೆ ಸುಮ್ಕಿರೇ," ಎಂದಳು ಗಿರಿಯಮ್ಮ. "ಬಿಸ್ನೀರು ಕಾಯ್ಸಕ್ಕೂ ನಾನೇ ಆಗ್ಬೇಕಾ?" ಹೇಳಿದ್ದು ತಮಾಷೆಗೆ. ಆದರೆ ಜೀಪು ಬೇಲಿ ದಾಟುವವರೆಗೂ ಆಕೆಯ ಕಣ್ಣು ಆ ಬಾಗಿಲ ಮೇಲೇ ಇತ್ತು. ಠಾಣೆ ಸೇರಿದ ಮೇಲೆ ವೃಷಭೇಂದ್ರಪ್ಪ ಅದೇ ಜೀಪನ್ನು ಕೊಡಿಗೇನಹಳ್ಳಿಗೆ ಕಳಿಸಿ, ನರ್ಸೊಬ್ಬರನ್ನು ಕೂರಿಸಿಕೊಂಡು ಹಟ್ಟಿಗೆ ಬಿಡುವಂತೆ ಹೇಳಿದ.

ಸಂಜೆಯ ಬಸ್ಸಿಗೆ ತುಮಕೂರಿನಿಂದ ಮಹಿಳಾ ಪೇದೆ ಬಂದಳು. ಅವಳ ಹಿಂದೆಯೇ ಜಯತೀರ್ಥ. ಮೇಜಿನ ಮೇಲಿದ್ದ ಕದಿರನ್ನು ಎತ್ತಿ ತಿರುಗಿಸಿ ನೋಡಿದ. ಒಂದು ಕ್ಷಣ ಅಳುವವನಂತೆ ಕಂಡ.

"ಇನ್ನೇನು, ಮತ್ತೆ ತೆಗೀಬೇಕು. ನಾಳೆ ಆ ಹುಡುಗನ್ನ ಬೆಟ್ಟಕ್ಕೆ ಕಳಿಸಿ ಸರ್. ಅದೇ ಥರ ಹೇಳ್ಲಿ, ಹಾಲು ಹಿಡ್ಕೊಂಡು."

"ಆಗಲ್ಲ."

"ಯಾಕೆ?"

"ಅವನು ನನ್ನ ಸಾಕ್ಷಿ. ಕೇಸು ಮುಗಿಯೋವರೆಗೂ ಅವನು ಎಲ್ಲೂ ಆಣೆಗೀಣೆ ಇಡೋ ಹಾಗಿಲ್ಲ."

ಅಂಥ ಕಾನೂನು ಯಾವ ಪುಸ್ತಕದಲ್ಲೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸಂಜೀವಯ್ಯ, "ಹೌದು ಸಾರ್, ಕಲಂ ಐತೆ," ಎಂದ.

ಶನಿವಾರ ಬೆಳಿಗ್ಗೆ ಗಿರಿಯಮ್ಮನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಹೊರಡುತ್ತಿದ್ದಾಗ ಕ್ಯಾತಪ್ಪ ಬಂದ. ಮೀಸೆ ಬೋಳಿಸಿದ್ದ. ಗೇಟಿನಿಂದಲೇ ಹೇಳಿದ: "ಹೆಣ್ಣು ಕಣವ್ವ. ಇಬ್ರೂ ಚೆಂದಾಗವ್ರೆ."

ಎದ್ದಿದ್ದ ಗಿರಿಯಮ್ಮ ಮತ್ತೆ ಕೂತಳು. ಬೆಂಚಿನ ಅಂಚು ಹಿಡಿದುಕೊಂಡಳು. "ಹಾಲು ಕುಡೀತಾ?" ಎಂದಳು.

"ಕುಡೀತವ್ಳೆ."

ವೃಷಭೇಂದ್ರಪ್ಪ ಕಾಗದಗಳನ್ನು ಜೋಡಿಸುವಂತೆ ಮಾಡಿ ಕೇಳಿದ: "ಸೋಮವಾರ ನನ್ನ ಹತ್ರ ಯಾತಕ್ಕೆ ಬಂದಿದ್ದೆ ಗಿರಿಯಮ್ಮ?"

"ಒಂದ್ ಮಾತಿಗೆ ಸಾಮಿ. ಆಣೆ ಕೇಳ್ದೋರು 'ಬುಟ್ಟೆ' ಅಂದ್ಬುಟ್ರೆ ಆಣೆ ಬುಟ್ಟೋಯ್ತದೆ, ನಮ್ಮಾಗೆ ಅಂಗೆ. ಕೇಳ್ದೋನು ರಾಜನ ಪಾರ್ಟಿನೋನು. ಅವ್ನು ಭಾನ್ವಾರ್ವೇ ಬೆಂಗ್ಳೂರ್ಗೋಗಿದ್ದ. ಡೈರೆಕ್ಟ್ರುನ್ನ ಕೇಳ್ದೆ, ನಕ್ಕು ಟೀ ಕೊಡ್ಸಿದ್ರು. ಹೇಳ್ಕೊಟ್ಟೋರು ನೀವಂತ ನನ್ ಮಗ ಅಂದ. ನೀವಂದ್ರೂ ನಡೀತಿತ್ತು."

ಆಕೆಯ ದನಿಯಲ್ಲಿ ದೂರಿರಲಿಲ್ಲ. ಬಸ್ಸು ತಪ್ಪಿಹೋಯಿತು ಎಂಬ ಹಾಗೆ ಹೇಳಿದಳು. ಸಂಜೀವಯ್ಯ ಬೆಟ್ಟದ ಕಡೆ ಮುಖ ತಿರುಗಿಸಿಕೊಂಡ.

"ಬುಟ್ಟೆ," ಎಂದ ವೃಷಭೇಂದ್ರಪ್ಪ, ಮೆಲ್ಲಗೆ, ಆಕೆಯ ಮಾತಿನಲ್ಲೇ.

ಗಿರಿಯಮ್ಮ ಅವನನ್ನು ಕನಿಕರದಿಂದ ನೋಡಿದಳು. "ಈಗ್ಯಾಕೆ ಸಾಮಿ. ಅದು ಆಗ್ಲೇ ಹಿಂದಕ್ಕೋಯ್ತಲ್ಲ."

ಆಕೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಳು. ಆರೋಪಪಟ್ಟಿಯಲ್ಲಿ ಕೃತ್ಯದ ಕಾರಣ ಮೂಢನಂಬಿಕೆ ಎಂದು ಸಂಜೀವಯ್ಯ ಬರೆದ. ವೃಷಭೇಂದ್ರಪ್ಪ ಅದನ್ನು ಓದಿದ. ತಪ್ಪೇನೂ ಇರಲಿಲ್ಲ. ಕಳ್ಳತನಕ್ಕೆ ಮುಂಚೆ ಆ ಹೆಂಗಸು ಮೂವರ ಹತ್ತಿರ ಒಂದು ಮಾತು ಕೇಳಲು ಹೋಗಿದ್ದಳು, ಅವರಲ್ಲಿ ಒಬ್ಬ ಊರಲ್ಲಿರಲಿಲ್ಲ, ಒಬ್ಬ ನಕ್ಕ, ಒಬ್ಬ ಗಡಿಯಾರ ನೋಡಿಕೊಂಡ ಎಂಬುದಕ್ಕೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಅವನು ಸಹಿ ಹಾಕಿದ.